ಅಕ್ಕನ ಚಿತ್ರಕಥೆಯ ಕೊನೆಯ ಚೌಕ

ಬೆಳಿಗ್ಗೆ ವೋಟು ಕೇಳಲು ಬಂದವರು ಕೊಟ್ಟ ಕರಪತ್ರದ ತುಂಬ ಮಡಿದ ಸೈನಿಕರ ಮುಖಗಳು. ಹಸಿ ಮಸಿಯ ವಾಸನೆ ಮೂಗಿಗೆ ಬಡಿದದ್ದೇ ಮಾಂಬಳ್ಳಿಯ ನಮ್ಮ ಹಳೆಯ ಜಗಲಿ ನೆನಪಾಯಿತು.

ದೇಶದ ದೊಡ್ಡ ನಾಯಕರನ್ನು ಕೊಂದರೆಂದು ರೇಡಿಯೊ ಹೇಳಿದ ದಿನ ಅವ್ವ ಒಲೆ ಹಚ್ಚಲಿಲ್ಲ. ಕೊಳ್ಳೇಗಾಲದಲ್ಲಿ ರೇಷ್ಮೆ ನೇಯುತ್ತಿದ್ದ ಅಪ್ಪ ಮಗ್ಗ ನಿಲ್ಲಿಸಿ ಬಂದು ಜಗಲಿಯಲ್ಲಿ ಕೂತ. ಹೈಸ್ಕೂಲಿನಲ್ಲಿದ್ದ ಅಕ್ಕ, ಸೀರೆಯಂಚಿನ ನಕ್ಷೆ ಬರೆದು ಮಿಕ್ಕ ಚೌಕುಳಿ ಹಾಳೆಯಲ್ಲಿ ಇದನ್ನೆಲ್ಲ ಚಿತ್ರಕಥೆ ಮಾಡಿ ಜಗಲಿಯ ಗೋಡೆಗೆ ಅಂಟಿಸಿದಳು: ಗೊಣಗುವ ರೇಡಿಯೊ, ತಣ್ಣಗಿನ ಒಲೆ, ನಿಂತ ಮಗ್ಗ. ಕೊನೆಯ ಚೌಕ ಮಾತ್ರ ಖಾಲಿ.

ಆಮೇಲೆ ಚುನಾವಣೆ ಬಂತು. ವೋಟು ಕೇಳಲು ಬಂದ ಆ ನಾಯಕರ ಪಕ್ಷದವರೊಬ್ಬರು ಆ ಹಾಳೆ ನೋಡಿ ಹಿಗ್ಗಿದರು. "ಈ ಖಾಲಿ ಜಾಗ್ದಲ್ಲಿ ನಮ್ ಗುರ್ತು ಬರ್ಕೊಡವ್ವ, ಅಚ್ಚಾಕುಸ್ತೀನಿ."

"ನಾಳೀಕ್ ಬನ್ನಿ ಸಾ" ಅಂದಳು ಅಕ್ಕ.

ಮರುದಿನ ಚೌಕ ತುಂಬಿತ್ತು: ನಮ್ಮ ಬಾಗಿಲು, ಅಲ್ಲಿ ಕೈಮುಗಿದು ನಿಂತ ಅವರೇ, ಕಂಕುಳಲ್ಲಿ ಕರಪತ್ರದ ಕಟ್ಟು. ಹೇಳಿದಂತೆ ಬಂದ ಅವರು ಅದನ್ನು ನೋಡಿ, ಚಪ್ಪಲಿ ಮೆಟ್ಟಿಕೊಂಡು ಹೋದರು. ಎಷ್ಟೋ ದಿನದ ಮೇಲೆ ಅಪ್ಪ ನಕ್ಕ.

ಇವತ್ತಿನ ಕರಪತ್ರದ ಫೋಟೊ ತೆಗೆದು ಹನೂರಿನಲ್ಲಿರುವ ಅಕ್ಕನಿಗೆ ಕಳಿಸಿದೆ. ತಕ್ಷಣ ಉತ್ತರ ಬಂತು: "ಇನ್ನೂವೆ ಬಾಗ್ಲಲ್ಲೇ ನಿಂತವ್ರಾ ಅವ್ರು?"