ಪಿಕಪ್ಪಿನ ಹಿಂದೆ ಕುಳಿತವರು

ನನ್ನ ಪಿಕಪ್ ಗಾಡಿಯ ಹಿಂದಿನ ಶಾಕ್ ಅಬ್ಸಾರ್ಬರ್‌ಗಳು ಸತ್ತಿವೆ ಎಂದು ಗೊತ್ತಾದದ್ದು ಕೊಣ್ಣೂರಿನಿಂದ ಉಳ್ಳಾಗಡ್ಡಿ ಹೇರಿಕೊಂಡು ಬರುವಾಗ. ನರಗುಂದ ಇನ್ನೂ ಸ್ವಲ್ಪ ದೂರವಿತ್ತು. ಎದುರಿಗೆ ಬಂದ ಟ್ರ್ಯಾಕ್ಟರಿಗೆ ದಾರಿ ಬಿಡಲು ಎಡಕ್ಕೆ ಎಳೆದೆ. ಗಾಡಿ ಬಲಕ್ಕೆ ವಾಲಿತು, ಆಮೇಲೆ ಎಡಕ್ಕೆ, ಮತ್ತೆ ಬಲಕ್ಕೆ. ವಾಲುವುದು ನಿಲ್ಲಲೇ ಇಲ್ಲ. ಮೂರನೆಯ ಸಲಕ್ಕೆ ಒಂದು ಬದಿಯ ಗಾಲಿ ನೆಲ ಬಿಟ್ಟದ್ದು ನನ್ನ ಸೊಂಟಕ್ಕೆ ತಿಳಿಯಿತು. ಪಕ್ಕದಲ್ಲಿ ಹೆಂಡತಿ ಇದ್ದಳು. ಅವಳು ಎರಡೂ ಕೈಯಿಂದ ಡ್ಯಾಶ್‌ಬೋರ್ಡ್ ಹಿಡಿದುಕೊಂಡು ಕಣ್ಣು ಮುಚ್ಚಿದಳು.

ಗಾಡಿ ಹೇಗೋ ನಿಂತಿತು. ಇಳಿದು ಕೆಳಗೆ ಬಗ್ಗಿ ನೋಡಿದರೆ ಎರಡೂ ಶಾಕ್ ಅಬ್ಸಾರ್ಬರ್‌ಗಳಿಂದ ಎಣ್ಣೆ ಇಳಿದು, ಅದರ ಮೇಲೆ ಎರೆಮಣ್ಣಿನ ಧೂಳು ಮೆತ್ತಿಕೊಂಡು ಹೆಪ್ಪುಗಟ್ಟಿತ್ತು. ಹೆಂಡತಿ ಇಳಿಯಲಿಲ್ಲ. ಊರು ಮುಟ್ಟುವವರೆಗೆ ಒಂದೇ ಮಾತು ಆಡಿದಳು. "ಮೊದಲ ಇದನ್ನ ಮಾಡಸ್ರಿ, ಬ್ಯಾರೆ ಎಲ್ಲಾ ಆಮ್ಯಾಲ."

ಎರಡು ದಿನ ಬಿಟ್ಟು ರೋಣಕ್ಕೆ ಹೋದೆ. ಅಲ್ಲಿ ನನಗೆ ಬಹಳ ವರ್ಷದ ಪರಿಚಯದ ಗಾಡಿ ಮೇಸ್ತ್ರಿಯೊಬ್ಬರು ಇದ್ದಾರೆ. ವಯಸ್ಸಾದ ಮುಸಲ್ಮಾನರು, ಮಾತು ಕಡಿಮೆ. ಗಾಡಿಯ ಹಿಂದಿನ ಮೂಲೆಯನ್ನು ಎರಡು ಸಲ ಒತ್ತಿ ಬಿಟ್ಟು, ಅದು ಕುಣಿಯುವುದನ್ನು ನೋಡಿ, ತಲೆ ಆಡಿಸಿದರು. ಭಾರ ಹೊರುವುದು ಪಾಟಾ, ಅಂದರೆ ಕೆಳಗಿನ ಉಕ್ಕಿನ ಪಟ್ಟಿಗಳು. ಆ ಪಾಟಾದ ಕುಣಿತವನ್ನು ಹಿಡಿದು ನಿಲ್ಲಿಸುವುದಷ್ಟೇ ಶಾಕ್ ಅಬ್ಸಾರ್ಬರಿನ ಕೆಲಸ ಎಂದು ನನಗೆ ಮೊದಲೇ ಹೇಳಿಕೊಟ್ಟವರು ಅವರೇ. ಹಳೆಯದನ್ನು ಬಿಚ್ಚಿ, ಒಂದು ಗೋಣಿತಟ್ಟಿನ ಮೇಲೆ ಮೂರು ಹೊಸ ಜೋಡಿ ತಂದಿಟ್ಟರು.

ಒಂದು, ಗಾಡಿಯ ಜೊತೆ ಬಂದಿದ್ದಂಥದ್ದೇ, ಎಣ್ಣೆ ತುಂಬಿದ್ದು. ಎರಡನೆಯದು ಅದಕ್ಕಿಂತ ದಪ್ಪ, ಗ್ಯಾಸ್ ತುಂಬಿದ್ದು, ಹಳದಿ ಬಣ್ಣ. ಹೆಚ್ಚು ಹೇರುವವರಿಗೆಂದೇ ಮಾಡಿದ್ದು. ಮೂರನೆಯದಕ್ಕೆ ಒಂದು ತಿರುಪು ಇತ್ತು. ಹೇರು ಇದ್ದಾಗ ಬಿಗಿ ಮಾಡಬೇಕು, ಖಾಲಿ ಇದ್ದಾಗ ಸಡಿಲ ಮಾಡಬೇಕು. ದಿನಕ್ಕೆ ನಾಲ್ಕು ಸಲ ಗಾಡಿಯ ಕೆಳಗೆ ತೂರಿ ಅದನ್ನು ತಿರುಗಿಸುವ ಮನುಷ್ಯ ನಾನಲ್ಲ ಎಂದು ನನಗೇ ಗೊತ್ತಿತ್ತು, ಅದನ್ನು ಬದಿಗೆ ಸರಿಸಿದೆ. ನನ್ನ ಕೈ ಹಳದಿಯ ಮೇಲೇ ಇತ್ತು. ಆ ವಾಲಾಟ ಇನ್ನೂ ನನ್ನ ಮೈಯಲ್ಲಿತ್ತು. ಎಷ್ಟು ಬಿಗಿಯಾಗಿದ್ದರೆ ಅಷ್ಟು ಒಳ್ಳೆಯದು ಎನ್ನಿಸುತ್ತಿತ್ತು.

ಮೇಸ್ತ್ರಿ ಒಂದೊಂದೇ ಕೇಳಿದರು. ಏನು ಹೇರುತ್ತೇನೆ, ಯಾವ ರಸ್ತೆ, ಹೋಗುವಾಗ ತುಂಬಿ ಬರುವಾಗ ಖಾಲಿಯೋ ಎಂದು. ಎಲ್ಲಕ್ಕೂ ಸರಿಯಾಗಿಯೇ ಉತ್ತರ ಕೊಟ್ಟೆ. ಕೊನೆಗೆ ಹೇಳಿದರು:

"ಹೇರು ಇದ್ದಾಗ ಇದು ಚಲೋರಿ, ಗಾಡಿ ಅಲುಗಾಡೂದಿಲ್ಲ. ಖಾಲಿ ಇದ್ದಾಗ ಮಾತ್ರ ಕಲ್ಲಿನಂಗ. ರಸ್ತೇದ ಪೆಟ್ಟು ನೆಟ್ಟಗ ಮ್ಯಾಲ ಹೊಡೀತೈತಿ. ಹಿಂದ ಮಂದಿ ಕುಂದ್ರತಾರೇನ್ರಿ?"

"ಇಲ್ರಿ," ಎಂದೆ. "ಬರೇ ಮಾಲ."

ಇದು ಸುಳ್ಳು. ನಮ್ಮ ಕಡೆ ಪಿಕಪ್ ಇಟ್ಟವನು ಮಂದಿಯನ್ನು ಕೂರಿಸದೆ ಇರುವುದಿಲ್ಲ. ಶೇಂಗಾ ಬಿಡಿಸಲು ಹೋಗುವ ಹೆಂಗಸರು, ಕಾರ್ಯಕ್ಕೆ ಹೊರಟ ಬೀಗರು, ಬಸ್ಸು ತಪ್ಪಿದವರು, ಎಲ್ಲರೂ ಹತ್ತುತ್ತಾರೆ. ಆದರೆ ಪೊಲೀಸರಿಗೆ ಹೇಳಿ ಹೇಳಿ, ಈ ಪ್ರಶ್ನೆಯನ್ನು ಯಾರು ಕೇಳಿದರೂ ಇಲ್ಲ ಎನ್ನುವುದು ನನ್ನ ನಾಲಿಗೆಗೆ ರೂಢಿಯಾಗಿಬಿಟ್ಟಿತ್ತು. ಅವರು ನನ್ನ ಮುಖ ನೋಡಿದರು. ಅಂಥದ್ದೇ ಹಳದಿ ಹಾಕಿದ ಇನ್ನೊಂದು ಗಾಡಿ ಅಲ್ಲೇ ನಿಂತಿತ್ತು. ಒಂದು ಸುತ್ತು ಹಿಂದೆ ಕುಳಿತು ನೋಡಿ, ಆಮೇಲೆ ತೀರ್ಮಾನ ಮಾಡಿ ಎಂದರು. ಮಾರ್ಕೆಟ್ಟಿನಲ್ಲಿ ಕಡಲೆ ಚೀಲ ಕಾಯುತ್ತಿವೆ, ಟೈಮ್ ಇಲ್ಲ ಎಂದೆ. ಹಳದಿಯನ್ನೇ ಹಾಕಿಕೊಟ್ಟರು.

ಹೇರು ಹೊತ್ತಾಗ ಗಾಡಿ ನಿಜಕ್ಕೂ ಗಟ್ಟಿಯಾಗಿ ಹೋಗುತ್ತಿತ್ತು. ಅದೇ ಜಾಗವನ್ನು ಅಷ್ಟೇ ಉಳ್ಳಾಗಡ್ಡಿ ಇಟ್ಟುಕೊಂಡು ದಾಟಿದೆ, ಒಂದಿಷ್ಟೂ ಅಲುಗಲಿಲ್ಲ. ಖಾಲಿ ಬರುವಾಗ ಮಾತ್ರ ಹಿಂದಿದ್ದ ಜಾಕು, ಹಗ್ಗ, ನೀರಿನ ಕ್ಯಾನು ಎಲ್ಲ ಎದ್ದೆದ್ದು ಬೀಳುತ್ತಿದ್ದವು. ನಮ್ಮ ಎರೆನೆಲದಲ್ಲಿ ರಸ್ತೆ ಸಮನಾಗಿ ಇರುವುದಿಲ್ಲ. ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಇಳಿಯುತ್ತದೆ, ಡಾಂಬರು ಅಲೆ ಅಲೆಯಾಗುತ್ತದೆ. ಹೆಂಡತಿ ಒಮ್ಮೆ ಕೇಳಿದಳು, ಇದು ಹೀಗೇ ಇರುತ್ತದೆಯೇ ಎಂದು. ಹೊಸದಲ್ಲವೇ, ಪಳಗುತ್ತದೆ ಎಂದೆ. ಪಳಗುವುದಿಲ್ಲ ಎಂದು ನನಗೆ ಗೊತ್ತಿತ್ತು.

ನನ್ನ ಅಕ್ಕ ನಮ್ಮೂರು ಗಜೇಂದ್ರಗಡದಲ್ಲೇ ಸೀರೆ ನೇಯುತ್ತಿದ್ದಳು. ಅವ್ವ ಹೋದ ಮೇಲೆ ನನ್ನನ್ನು ಬೆಳೆಸಿದವಳು ಅವಳೇ. ನನ್ನ ಮನೆಯಿಂದ ಎರಡು ಓಣಿ ಆಚೆ ಅವಳ ಮನೆ. ನೆಲದಲ್ಲಿ ಕುಣಿ ತೋಡಿ ಕೂರಿಸಿದ ಮಗ್ಗ. ಕಾಲು ಕುಣಿಯಲ್ಲಿಳಿಸಿ, ಬೆನ್ನು ಮುಂದಕ್ಕೆ ಬಾಗಿಸಿ, ಬೆಳಿಗ್ಗೆಯಿಂದ ಸಂಜೆಯವರೆಗೆ ಕೂರುವ ಕೆಲಸ. ಆ ಬೆನ್ನಿನ ಬಗ್ಗೆ ಅವಳಿಗೆ ಒಂದು ಜಂಬವಿತ್ತು. ಅಷ್ಟು ವರ್ಷ ಕೂತರೂ ಒಂದು ದಿನ ನೋವು ಅಂದವಳಲ್ಲ.

ಆ ವರ್ಷ ಶಿರೋಳದಲ್ಲಿ ನಮ್ಮ ಸಂಬಂಧಿಕರ ಮನೆಯಲ್ಲಿ ತೊಟ್ಟಿಲ ಕಾರ್ಯ. ನಮ್ಮ ಓಣಿಯ ಹೆಂಗಸರೆಲ್ಲ ನನ್ನ ಗಾಡಿಯಲ್ಲೇ ಹೊರಟರು. ಅಕ್ಕನ ಸೊಸೆ ಆಗ ಬಸುರಿ. ಅವಳನ್ನು ನನ್ನ ಹೆಂಡತಿಯ ಜೊತೆ ಮುಂದೆ ಕೂರಿಸಿ, ಅಕ್ಕ ಹಿಂದೆ ಜಮಖಾನೆ ಹಾಸಿಕೊಂಡು ಎಲ್ಲರ ಜೊತೆ ಕುಳಿತಳು. ಹೋಗುವಾಗ ನಿಧಾನ ಹೋದೆ. ರೋಣ ಇನ್ನೂ ಮುಂದಿರುವಾಗ ಒಂದು ಕಡೆ ಪೈಪಿಗೆಂದು ರಸ್ತೆ ಅಡ್ಡ ಕಡಿದು, ಮಣ್ಣು ತುಂಬಿ ಬಿಟ್ಟಿದ್ದರು. ಮಣ್ಣು ಕುಸಿದು ಗುಂಡಿಯಾಗಿತ್ತು. ಅದನ್ನು ನೋಡಿ ಪೂರ್ತಿ ನಿಲ್ಲಿಸಿ ದಾಟಿಸಿದೆ.

ಬರುವಾಗ ಮಧ್ಯಾಹ್ನ ನಾಲ್ಕರ ಸುಮಾರು. ಊಟ ಭಾರವಾಗಿತ್ತು, ಮುಂದೆ ಹೆಂಗಸರಿಬ್ಬರೂ ಕೂಸಿನ ಹೆಸರಿನ ಬಗ್ಗೆ ಮಾತಾಡುತ್ತಿದ್ದರು, ನಾನೂ ಒಂದು ಮಾತು ಸೇರಿಸಿದೆ. ಗುಂಡಿ ನೆನಪಾಗುವ ಹೊತ್ತಿಗೆ ಮುಂದಿನ ಗಾಲಿ ಅದರಲ್ಲಿ ಇಳಿದು ಎದ್ದಿತ್ತು. ಆಮೇಲೆ ಹಿಂದಿನದು. ಹಿಂದಿನಿಂದ ಚೀಲ ಎತ್ತಿ ಒಗೆದಂಥ ಸದ್ದು ಬಂತು. ಮರುಗಳಿಗೆ ಎಲ್ಲರೂ ಕ್ಯಾಬಿನ್ನಿನ ಗಾಜು ಬಡಿಯತೊಡಗಿದರು.

ಉಳಿದವರೆಲ್ಲ ಬದಿಯ ಕಬ್ಬಿಣ ಹಿಡಿದುಕೊಂಡಿದ್ದರು. ನಡುವೆ ಕುಳಿತಿದ್ದ ಅಕ್ಕನಿಗೆ ಹಿಡಿಯಲು ಏನೂ ಇರಲಿಲ್ಲ. ಕುಳಿತವಳು ಕುಳಿತಂತೆಯೇ ಮೇಲೆ ಹಾರಿ, ಕುಳಿತಂತೆಯೇ ಬಿದ್ದಿದ್ದಳು. ಅಳಲಿಲ್ಲ. ಮುಖ ಬೂದಿಯ ಬಣ್ಣವಾಗಿತ್ತು. "ನನ್ನ ಎಬ್ಬಸಬ್ಯಾಡ್ರಿ," ಎಂದಳು. ಅಷ್ಟೇ.

ಅದೇ ಜಮಖಾನೆಯ ಮೇಲೆ ಮಲಗಿಸಿ ಗದಗಿನ ದವಾಖಾನೆಗೆ ಒಯ್ದೆವು. ಅದೇ ಗಾಡಿಯಲ್ಲಿ. ನಡೆಯುವ ವೇಗದಲ್ಲಿ ಹೋದೆ, ಆದರೂ ಒಂದೊಂದು ಸಣ್ಣ ಉಬ್ಬಿಗೂ ಅವಳು ಹಲ್ಲು ಕಚ್ಚಿ ಉಸಿರೆಳೆಯುವುದು ಕಿಟಕಿಯಿಂದ ಕೇಳುತ್ತಿತ್ತು. ಆ ದಾರಿ ನಾನು ಸಾಯುವವರೆಗೂ ಮುಗಿಯುವುದಿಲ್ಲ. ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ತೋರಿಸಿದರು. ಬೆನ್ನಿನ ಎಲುಬುಗಳಲ್ಲಿ ಒಂದು ಮಾತ್ರ ಒಂದು ಬದಿಗೆ ಕುಸಿದು ಚಪ್ಪಟೆಯಾಗಿತ್ತು. ಕಾಲಿಗೆ ಏನೂ ಆಗಿಲ್ಲ, ನಡೆಯುತ್ತಾಳೆ ಎಂದರು. ಮಗ್ಗದ ಬಗ್ಗೆ ಕೇಳಿದಾಗ, ಬಾಗಿ ಕೂರುವ ಕೆಲಸ ಇನ್ನು ಬಿಡಬೇಕು ಎಂದರು.

ಮೂರು ತಿಂಗಳು ಅವಳು ಮಲಗಿದ್ದಳು. ನೋಡಲು ಬಂದವರಿಗೆಲ್ಲ ರಸ್ತೆಯ ಕಥೆ ಹೇಳುತ್ತಿದ್ದಳು. ಬಂದವರು ರಸ್ತೆ ಕಡಿದವರನ್ನು ಬೈಯುತ್ತಿದ್ದರು. ನಾನು ಅವಳ ಕಾಲ ಹತ್ತಿರ ಕುಳಿತು ಹೌದು ಹೌದು ಎನ್ನುತ್ತಿದ್ದೆ.

ಗಾಡಿಯನ್ನು ಮನೆಯ ಮುಂದೆ ನಿಲ್ಲಿಸಿದ್ದೆ. ಅದನ್ನು ಹತ್ತಲು ಮನಸ್ಸಾಗುತ್ತಿರಲಿಲ್ಲ. ಕೊನೆಗೆ ಒಂದು ಬೆಳಿಗ್ಗೆ ರೋಣಕ್ಕೆ ಒಯ್ದೆ. ಮೇಸ್ತ್ರಿಗೆ ಸುದ್ದಿ ಆಗಲೇ ಮುಟ್ಟಿತ್ತು. ನಾನು ಹೇಳಿದ್ದೆನಲ್ಲ ಎಂದು ಅವರು ಅನ್ನುತ್ತಾರೆ ಎಂದು ಕಾದೆ, ಅನ್ನಲಿಲ್ಲ. ಅಕ್ಕ ಹೇಗಿದ್ದಾಳೆ ಎಂದು ಕೇಳಿದರು. ಹಿಂದೆ ಕುಳಿತುಕೊಳ್ಳುತ್ತೇನೆ, ನೀವು ಓಡಿಸಿ ಎಂದು ನಾನೇ ಕೇಳಿಕೊಂಡೆ. ಅವರು ಕೀಲಿ ತೆಗೆದುಕೊಂಡರು. ಅಕ್ಕ ಕುಳಿತಿದ್ದ ಜಾಗದಲ್ಲಿ, ನಡುವೆ, ಏನನ್ನೂ ಹಿಡಿಯದೆ ಕುಳಿತೆ. ಊರ ಹೊರಗೆ ಒಂದು ಸಣ್ಣ ಹಂಪು ದಾಟುವಾಗಲೇ ಸೊಂಟದಿಂದ ತಲೆಯವರೆಗೆ ಪೆಟ್ಟು ಹೊಡೆಯಿತು. ಎರಡನೆಯದಕ್ಕೆ ನನ್ನ ಕೈ ತಾನೇ ಹೋಗಿ ಬದಿಯನ್ನು ಹಿಡಿಯಿತು. ಸಾಕು ಎಂದು ಗಾಜು ಬಡಿದೆ.

ಅವರು ಇಳಿದು ಬಂದು ಮೆತ್ತಗೆ ಹೇಳಿದರು: "ಅವತ್ತ ನೀವು ಸುಳ್ಳ ಹೇಳಾಕತ್ತೀರಿ ಅಂತ ನನಗ ಗೊತ್ತಿತ್ರಿ. ನಾನೂ ಸುಮ್ಮನಾದೆ. ಅದು ನನ್ನ ಪಾಲಿನ ತಪ್ಪು."

ಹಳದಿಯನ್ನು ಬಿಚ್ಚಿಸಿ ಗಾಡಿಯ ಜೊತೆ ಬಂದಿದ್ದಂಥ ಸಾದಾ ಜೋಡಿ ಹಾಕಿಸಿದೆ. ಹೇರು ಕಡಿಮೆ ಮಾಡಿದೆ. ಉಳ್ಳಾಗಡ್ಡಿಯ ವ್ಯಾಪಾರಿ ಬೇರೆ ಗಾಡಿ ನೋಡಿಕೊಂಡ. ಮಂದಿಯನ್ನು ಕೂರಿಸುವುದನ್ನು ಬಿಟ್ಟೆ. ಸೊಕ್ಕು ಬಂದಿದೆ ಎಂದು ಓಣಿಯವರು ಆಡಿಕೊಂಡರು.

ಮೇಸ್ತ್ರಿಯ ಆ ಮಾತು ಮಾತ್ರ ನನ್ನನ್ನು ಬಿಡಲಿಲ್ಲ. ಅವರು ತಮ್ಮ ಪಾಲನ್ನು ಒಪ್ಪಿಕೊಂಡರು, ನಾನು ಇನ್ನೂ ರಸ್ತೆಯ ಕಥೆ ಕೇಳುತ್ತ ಕುಳಿತಿದ್ದೆ. ಅಕ್ಕ ಎದ್ದು ಮನೆಯೊಳಗೆ ಓಡಾಡತೊಡಗಿದ ಮೇಲೆ, ಒಂದು ದಿನ ಅವಳೊಬ್ಬಳೇ ಇದ್ದಾಗ ಹೋಗಿ ಎಲ್ಲ ಹೇಳಿದೆ. ಮೇಸ್ತ್ರಿ ಕೇಳಿದ್ದು, ನಾನು ಇಲ್ಲ ಎಂದದ್ದು, ಹೇರಿಲ್ಲದ ಗಾಡಿ ಎಗರುತ್ತದೆ ಎಂದು ಗೊತ್ತಿದ್ದೂ ಅವಳನ್ನು ಹತ್ತಿಸಿದ್ದು. ಅವಳು ಗೋಡೆಗೆ ಒರಗಿಸಿದ ಕುರ್ಚಿಯ ಮೇಲೆ ಕುಳಿತಿದ್ದಳು. ಮಗ್ಗದ ಕಡೆ ತಿರುಗಿದಳು. ಅದರ ಮೇಲೆ ಅರ್ಧ ನೆಯ್ದ ಸೀರೆ ಹಾಗೇ ಇತ್ತು.

"ಗಾಡಿ ಎಗರತೈತಿ ಅಂತ ಒಂದ ಮಾತ ಹೇಳಿದ್ರ ನಾನು ಬದೀಗೆ ಕಬ್ಬಿಣ ಹಿಡಕೊಂಡು ಕುಂದ್ರತಿದ್ದೆ," ಎಂದಳು. ಆಮೇಲೆ, "ಇಷ್ಟ ದಿನ ರಸ್ತಿ ಮ್ಯಾಲ ಸಿಟ್ಟ ಇತ್ತು. ಅದು ಹಗುರಿತ್ತು. ಈಗ ನಿನ್ನ ಮ್ಯಾಲ ಸಿಟ್ಟ ಮಾಡಬೇಕಾತಲ್ಲೋ," ಎಂದಳು.

ನಾನು ಎದ್ದು ಬಂದೆ. ಶ್ರಾವಣ ಪೂರ್ತಿ ಅವಳು ನನ್ನ ಜೊತೆ ಮಾತಾಡಲಿಲ್ಲ. ಹೆಂಡತಿ ಹೋಗಿ ಬರುತ್ತಿದ್ದಳು. ನನ್ನ ವಿಷಯ ತೆಗೆದರೆ ಅಕ್ಕ ಬೇರೆ ಮಾತು ಎತ್ತುತ್ತಿದ್ದಳಂತೆ. ಸೊಸೆಗೆ ಗಂಡು ಮಗು ಹುಟ್ಟಿದಾಗ ಕರೆ ಕಳಿಸಿದಳು. ಹೋದೆ. ಕೂಸನ್ನು ನನ್ನ ಕೈಗೆ ಕೊಟ್ಟು, ತಲೆ ಸರಿಯಾಗಿ ಹಿಡಿ ಎಂದಳು. ಆಮೇಲಿನಿಂದ ಮಾತು ಮತ್ತೆ ಶುರುವಾಯಿತು, ಆದರೆ ಅಳತೆಯ ಮಾತು. ನನ್ನನ್ನು ಬೈಯುವುದನ್ನು ಬಿಟ್ಟಳು. ಚಿಕ್ಕಂದಿನಿಂದ ಬೈಸಿಕೊಂಡು ಬೆಳೆದ ನನಗೆ ಅದೇ ದೊಡ್ಡ ಶಿಕ್ಷೆ.

ಆ ಅರ್ಧ ಸೀರೆಯನ್ನು ಪಕ್ಕದ ಓಣಿಯ ನೇಕಾರಳೊಬ್ಬಳು ಬಂದು ಮುಗಿಸಿಕೊಟ್ಟಳು. ಅಕ್ಕ ಕುರ್ಚಿಯಲ್ಲಿ ಕುಳಿತು, ಅಂಚು ಎಲ್ಲಿ ಸಡಿಲಾಗಿದೆ ಎಂದು ಹೇಳುತ್ತ ಹೋದಳು. ಈಗ ಮಗ್ಗದ ಕುಣಿಗೆ ಹಲಗೆ ಮುಚ್ಚಿದ್ದಾರೆ. ಅವಳು ಮನೆಯಲ್ಲೇ ಕುಳಿತು ಬೇರೆ ನೇಕಾರರಿಗೆ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತಿ ಕೊಡುತ್ತಾಳೆ.

ಆರು ತಿಂಗಳಿಗೊಮ್ಮೆ ಗದಗಿಗೆ ತೋರಿಸಲು ಹೋಗಬೇಕು. ಹಿಂದಿನ ಸಲ, ಮುಂದೆ ನನ್ನ ಪಕ್ಕ ಕುಳಿತುಕೋ, ನಿಧಾನ ಒಯ್ಯುತ್ತೇನೆ ಎಂದೆ. ಬೇಡ, ಬಸ್ಸು ಸಾಕು ಎಂದಳು. ಸಿಟ್ಟಿನಿಂದ ಅಲ್ಲ, ಸಹಜವಾಗಿಯೇ ಅಂದಳು. ಗಾಡಿಯನ್ನು ಮನೆಯ ಮುಂದೆಯೇ ಬಿಟ್ಟು ನಾನೂ ಅವಳ ಜೊತೆ ಬಸ್ ಸ್ಟ್ಯಾಂಡಿಗೆ ನಡೆದೆ. ಅವಳು ನಡೆಯುವುದು ನಿಧಾನ. ನಾನು ಎರಡು ಹೆಜ್ಜೆ ಹಿಂದೆ ಇದ್ದೆ.