ಟೆಂಪೋದ ಮೇಲಿನ ಹಸಿರು ಬಾಗಿಲು

ಅಕ್ಕ ಆ ಹಳೆಯ ನಾಟಕವನ್ನು ಸಿನಿಮಾ ಮಾಡುತ್ತೇನೆ ಎಂದಾಗ ನನ್ನ ಪಾಲಿಗೆ ಬಂದದ್ದು ಸಾಮಾನು ಸಾಗಿಸುವ ಕೆಲಸ. ನಾನು ಏಳನೆಯ ತರಗತಿಗೆ ಶಾಲೆ ಬಿಟ್ಟು ಬಾಡಿಗೆ ಟೆಂಪೋ ಓಡಿಸುವವನು. ಅವಳು ಓದಿ ಹೈಸ್ಕೂಲಿನಲ್ಲಿ ಪಾಠ ಹೇಳುವವಳು. ಆ ನಾಟಕ ಮಾತ್ರ ಇಬ್ಬರಿಗೂ ಬಾಯಿಪಾಠ. ನಾವು ಹುಟ್ಟುವ ಮೊದಲಿನಿಂದಲೂ ತ್ಯಾಗಲಿ ಕಡೆಯ ನಮ್ಮ ತಂಡ ಅದನ್ನು ಆಡುತ್ತ ಬಂದಿದೆ.

ಕತೆ ಸಣ್ಣದು. ಚಳಿಯ ರಾತ್ರಿ ಜ್ವರ ಹಿಡಿದ ದಾರಿಹೋಕನೊಬ್ಬ ಒಂದು ಕೇರಿಯ ಐದು ಮನೆಗಳ ಬಾಗಿಲು ಬಡಿಯುತ್ತಾನೆ. ಯಾರೂ ತೆಗೆಯುವುದಿಲ್ಲ. ಬೆಳಗಾಗುವಾಗ ಕೊನೆಯ ಮನೆಯ ಮೆಟ್ಟಿಲ ಮೇಲೆ ಅವನ ಹೆಣ ಇರುತ್ತದೆ. ಹುಡುಕಿಕೊಂಡು ಬಂದ ತಾಯಿ ಮನೆಮನೆಗೂ ಹೋಗಿ ಒಂದೇ ಪ್ರಶ್ನೆ ಕೇಳುತ್ತಾಳೆ: ‘ನನ್ನ ಮಗ ಬಾಗಿಲು ಬಡಿದದ್ದು ನಿಮಗೆ ಕೇಳಿತೇ?’ ಒಂದು ಮನೆಯವರಿಗೆ ಸೂತಕ, ಇನ್ನೊಂದರಲ್ಲಿ ನೆಂಟರು. ಮೂರನೆಯವನು, ‘ಪಕ್ಕದ ಮನೆಯವರು ತೆಗೆಯುತ್ತಾರೆ ಅಂದುಕೊಂಡೆ’ ಎನ್ನುತ್ತಾನೆ.

ರಂಗದ ಮೇಲೆ ಐದು ಮನೆಗೂ ಒಂದೇ ಬಾಗಿಲು. ಚೌಕಟ್ಟು ಸಮೇತ ನಿಲ್ಲುವ ಹಸಿರು ಬಾಗಿಲು. ಐದನೆಯ ಮನೆಯವನ ಪಾತ್ರಕ್ಕೆ ತಂಡದ ನಟರಿಲ್ಲ. ಆಟ ನಡೆಯುವ ಊರಿನವರೊಬ್ಬರನ್ನು ಕರೆದು ಬಾಗಿಲ ಹಿಂದೆ ನಿಲ್ಲಿಸುವುದು ಮೊದಲಿನಿಂದ ಬಂದ ಪದ್ಧತಿ. ಅವರಿಗೆ ಬರೆದ ಮಾತಿಲ್ಲ, ಬಾಯಿಗೆ ಬಂದದ್ದು ಹೇಳಬೇಕು. ಹೆಚ್ಚಿನವರು ಕೇಳಲಿಲ್ಲ ಎನ್ನುತ್ತಿದ್ದರು. ‘ನಾಯಿ ಬಾಲ ಬಡಿತಾ ಇದ್ದು ಅಂದ್ಕಂಡಿದ್ದೆ’ ಎಂದು ನಗಿಸಿದವರೂ ಇದ್ದರು. ಒಮ್ಮೆ ಎಕ್ಕಂಬಿಯಲ್ಲಿ ಒಬ್ಬ ರೈತರು ಬಾಗಿಲು ತೆಗೆದವರೇ, ‘ಕೇಳಿತವ್ವಾ. ಎದ್ದು ಬರಲಿಲ್ಲ’ ಎಂದುಬಿಟ್ಟರು. ತಾಯಿಯ ಪಾತ್ರದಲ್ಲಿದ್ದ ಅಕ್ಕ ಅವತ್ತು ನಿಜವಾಗಿ ಅತ್ತಳು.

ಸಿನಿಮಾಕ್ಕೆಂದು ಬರೆಯುವಾಗ ಅವಳು ತಾಯಿಯ ಉದ್ದುದ್ದ ಮಾತುಗಳನ್ನೆಲ್ಲ ಹೊಡೆದು ಹಾಕಿದಳು. ಮುಖ ಕಂಡರೆ ಸಾಕು ಎಂದಳು. ಐದನೆಯ ಮನೆಗೆ ಮಾತ್ರ ಎಕ್ಕಂಬಿಯ ಆ ರೈತರೇ ಬೇಕೆಂದು ಹಟ ಹಿಡಿದಳು. ‘ಅವ್ರು ಅವತ್ತು ಹೇಳಿದ್ದೊಂದಕ್ಕೇ ಆನು ಈ ಸಿನಿಮಾ ಮಾಡ್ತಾ ಇಪ್ಪದು. ನಾಟಕದಲ್ಲಾದ್ರೆ ನಾಳೆ ಮತ್ತೊಬ್ರು ಮತ್ತೊಂದು ಹೇಳ್ತ. ಇದ್ರಲ್ಲಿ ಒಂದ್ಸಲ ಹೇಳಿದ್ದೇ ಕೊನೆ.’

ಕೊನೆಯ ದೃಶ್ಯವನ್ನು ಕೊನೆಯ ದಿನಕ್ಕೆ ಇಟ್ಟುಕೊಂಡಿದ್ದರು. ನಂದೊಳ್ಳಿಯ ಹತ್ತಿರ ಒಂದು ಹಳೆಯ ಮನೆ, ಬೆಳಗಿನ ಇಬ್ಬನಿ. ಕ್ಯಾಮೆರಾವನ್ನು ಅವತ್ತೇ ವಾಪಸು ಕೊಡಬೇಕಿತ್ತು. ಸಿನಿಮಾಕ್ಕೂ ನಾಟಕದ ಆ ಹಸಿರು ಬಾಗಿಲೇ ಬೇಕಿತ್ತು. ಬಾಗಿಲಿಗೆ ಹೊಸದಾಗಿ ಬಳಿದ ಬಣ್ಣ ಇನ್ನೂ ಒಣಗದ್ದರಿಂದ ನಾನು ನಸುಕಿನಲ್ಲಿ ಅದನ್ನು ಟೆಂಪೋದ ಮೇಲೆ ನಿಲ್ಲಿಸಿ ಕಟ್ಟಿ ತ್ಯಾಗಲಿಯಿಂದ ಹೊರಟೆ. ದಾರಿಯುದ್ದಕ್ಕೂ ಅಕ್ಕನ ಫೋನು. ‘ತಮಾ, ಇಬ್ಬನಿ ಹಾರೂದ್ರೊಳಗೆ ಬಾಗ್ಲು ಬಂದು ಮುಟ್ಟವು.’

ಶಿರಸಿ ದಾಟಿ ಯಲ್ಲಾಪುರದ ರಸ್ತೆಯಲ್ಲಿ ಒಂದು ತಿರುವು. ಬೈಕೊಂದು ಚರಂಡಿಗೆ ಬಿದ್ದಿತ್ತು. ಹೆಲ್ಮೆಟ್ ಹಾಕಿದ ಮನುಷ್ಯರೊಬ್ಬರು ಅರ್ಧ ಡಾಂಬರಿನ ಮೇಲೆ, ಅರ್ಧ ಮಣ್ಣಿನ ಮೇಲೆ ಬಿದ್ದಿದ್ದರು. ನನ್ನ ಗಾಡಿ ಕಂಡು ಕೈ ಎತ್ತಿದರು.

ಬ್ರೇಕಿನ ಮೇಲೆ ಕಾಲಿಟ್ಟೆ. ಟೆಂಪೋ ಹೆಚ್ಚುಕಡಿಮೆ ನಿಂತೇ ಬಿಟ್ಟಿತ್ತು. ಗಾಡಿಯ ಇನ್ಶೂರೆನ್ಸ್ ಮುಗಿದಿತ್ತು. ಆಸ್ಪತ್ರೆಗೆ ಒಯ್ದರೆ ಪೊಲೀಸರು ಬರುತ್ತಾರೆ, ನೀನೇ ಗುದ್ದಿದ್ದೀಯಾ ಎನ್ನುತ್ತಾರೆ, ಕಾಗದ ತೋರಿಸು ಎನ್ನುತ್ತಾರೆ. ಅತ್ತ ಇಬ್ಬನಿ ಹೋಗುತ್ತದೆ. ಹಿಂದೆ ಬರುವವರು ಯಾರಾದರೂ ನೋಡುತ್ತಾರೆ ಅಂದುಕೊಂಡು ಗೇರು ಬದಲಿಸಿದೆ. ಮೂರನೆಯ ಮನೆಯವನ ಮಾತು ಅದು. ಎಷ್ಟು ಸಲ ಕೇಳಿ ನಕ್ಕಿದ್ದೆನೋ! ಆಗ ನೆನಪಾಗಲಿಲ್ಲ.

ನಾನು ಮುಟ್ಟಿದಾಗ ಅಕ್ಕ ಹರಿದ ಸೀರೆ ಉಟ್ಟು, ಕೂದಲು ಬಿಚ್ಚಿಕೊಂಡು, ಕಿವಿಗೆ ಫೋನ್ ಹಿಡಿದು ಅಂಗಳದಲ್ಲಿ ಅತ್ತಿತ್ತ ತಿರುಗುತ್ತಿದ್ದಳು.

‘ಎಕ್ಕಂಬಿಯವ್ರು ಇನ್ನೂ ಬೈಂದ್ವಿಲ್ಲೆ. ಬೈಕ್ ಮೇಲೆ ಹೊರಟಾತು ಹೇಳಿ ಮೆಸೇಜ್ ಬಂದಿತ್ತು. ಈಗ ರಿಂಗಾಗ್ತು, ಎತ್ತತ್ವೇ ಇಲ್ಲೆ.’

ನಾನು ಟೆಂಪೋದ ಹಿಂದೆ ಹೋಗಿ ಬಾಗಿಲಿನ ಹಗ್ಗ ಬಿಚ್ಚತೊಡಗಿದೆ.

‘ತಮಾ, ನೀನೂ ಅದೇ ದಾರೀಲಿ ಬಂದ್ಯಲ. ಎಲ್ಲಾದ್ರೂ ಕಂಡಿದ್ಯ?’

‘ಇಲ್ಲೆ’ ಎಂದೆ.

ಆಗ ಬಾಯಿ ಬಿಟ್ಟಿದ್ದರೆ ಅಲ್ಲಿದ್ದ ಜೀಪಿನಲ್ಲಿ ಯಾರಾದರೂ ಓಡುತ್ತಿದ್ದರು. ಕಂಡದ್ದು ಹೇಳಿದರೆ ಯಾಕೆ ನಿಲ್ಲಿಸಲಿಲ್ಲ ಎಂಬ ಪ್ರಶ್ನೆ ಬರುತ್ತಿತ್ತು. ಅಕ್ಕ ಸ್ಪೀಕರ್ ಹಾಕಿ ಮತ್ತೆ ಫೋನ್ ಹಚ್ಚಿದಳು. ರಿಂಗಾಗುತ್ತಲೇ ಇತ್ತು. ಆ ಫೋನು ಎಲ್ಲಿ ಬಿದ್ದು ಬಡಿದುಕೊಳ್ಳುತ್ತಿದೆ ಎಂದು ಅಲ್ಲಿದ್ದವರಲ್ಲಿ ನನಗೊಬ್ಬನಿಗೇ ಗೊತ್ತಿತ್ತು.

ಕ್ಯಾಮೆರಾದವನು ಅವಸರ ಮಾಡಿದ. ‘ಅಕ್ಕಾ, ಬಿಸಿಲು ಬಂತು. ಇನ್ನು ಕಾದ್ರೆ ಇಬ್ಬನಿ ಸಿಗೂದಿಲ್ಲ.’

ಅಕ್ಕ ಸುತ್ತ ನೋಡಿ ನನ್ನ ಮೇಲೆ ಕಣ್ಣು ನಿಲ್ಲಿಸಿದಳು. ‘ನೀ ನಿಲ್ಲು.’

‘ಎಂಗೆ ಅದೆಲ್ಲ ಬತ್ತಿಲ್ಲೆ ಮಾರಾಯ್ತಿ.’

‘ಎಂತ ಬಪ್ಪದಿದ್ದು ಅದ್ರಲ್ಲಿ? ಬಾಗ್ಲು ತೆಗೆಯದು, ಎನ್ನ ಮುಖ ನೋಡದು, ಬಾಯಿಗೆ ಬಂದಿದ್ದು ಹೇಳದು. ಶಾಲೆ ತಪ್ಸಕ್ಕೆ ನೀ ಅಪ್ಪಯ್ಯಂಗೆ ಎಷ್ಟು ಸುಳ್ಳು ಹೇಳಿದ್ದೆ, ಅದಕ್ಕಿಂತ ಕಷ್ಟನ?’

ಎಲ್ಲರೂ ನಕ್ಕರು. ಕ್ಯಾಮೆರಾದವನು ನನ್ನ ಅಂಗಿಯೊಳಗೆ ಮೈಕು ಸಿಕ್ಕಿಸುತ್ತ, ‘ನಾಟಕದ ಹಾಗೆ ಕೂಗ್ಬೇಡಿ. ಕೊನೇ ಸಾಲಿನವ್ರಿಗೆ ಕೇಳಿಸ್ಬೇಕಾಗಿಲ್ಲ’ ಎಂದ.

ಬಾಗಿಲ ಹಿಂದೆ ನಿಂತೆ. ಹಸಿ ಬಣ್ಣದ ವಾಸನೆ ಮೂಗಿಗೆ ಹೊಡೆಯುತ್ತಿತ್ತು. ಹೊರಗಿಂದ ಬಡಿದ ಸದ್ದಾಯಿತು. ತೆಗೆದೆ. ಎದುರಿಗಿದ್ದದ್ದು ಅಕ್ಕನ ಮುಖವಲ್ಲ, ಮಗನನ್ನು ಹುಡುಕಿ ನಡೆದು ನಡೆದು ಸೋತ ಮುಖ.

‘ನನ್ನ ಮಗ ಬಾಗಿಲು ಬಡಿದದ್ದು ನಿಮಗೆ ಕೇಳಿತೇ?’

ಕೇಳಿತು ಎಂದಿದ್ದರೆ ಅಲ್ಲಿದ್ದವರಿಗೆಲ್ಲ ಅದು ಬರೀ ಸಿನಿಮಾದ ಮಾತು. ಆದರೆ ಆ ಒಂದು ಮಾತು ಹೊರಬಿದ್ದರೆ ಉಳಿದದ್ದನ್ನು ತಡೆಯಲು ನನ್ನಿಂದ ಆಗುತ್ತಿರಲಿಲ್ಲ. ಕಣ್ಣು ತುಂಬಿತು.

‘ಎಂಗೆ ಎಂತೂ ಕೇಳ್ಸಿದ್ದಿಲ್ಲೆ’ ಎಂದೆ.

ಕಟ್ ಹೇಳುವುದನ್ನೇ ಅಕ್ಕ ಮರೆತಳು. ಆಮೇಲೆ ಓಡಿ ಬಂದು ಭುಜ ಹಿಡಿದು ಅಲುಗಿಸಿದಳು. ‘ಅಯ್ಯೋ ತಮಾ, ಇಷ್ಟು ದಿನ ಎಲ್ಲಿ ಹುಗಿಸಿಟ್ಕಂಡಿದ್ಯೋ ಇದನ್ನ!’

ಫೋನ್ ಬಂದದ್ದು ಅದಾದ ಮೇಲೆ, ಯಲ್ಲಾಪುರದ ಆಸ್ಪತ್ರೆಯಿಂದ. ಹಾಲಿನ ಗಾಡಿಯವನೊಬ್ಬ ಎಕ್ಕಂಬಿಯ ರೈತರನ್ನು ತಂದು ಸೇರಿಸಿದ್ದ. ನಾವು ಹೋಗುವಷ್ಟರಲ್ಲಿ ಹುಬ್ಬಳ್ಳಿಗೆ ಕಳಿಸುವ ತಯಾರಿ ನಡೆದಿತ್ತು. ರಕ್ತ ಬಹಳ ಹೋಗಿತ್ತು. ಬದುಕಿದರು, ಆದರೆ ಬಲಗಾಲು ಮೊದಲಿನ ಹಾಗೆ ಆಗಲಿಲ್ಲ. ‘ಎನ್ನ ಸಿನಿಮಾಕ್ಕೆ ಹೇಳಿ ಹೊರಟು ಹಿಂಗಾತು’ ಎಂದು ಅಕ್ಕ ತಿಂಗಳುಗಟ್ಟಲೆ ಕೊರಗಿದಳು. ಪಕ್ಕದಲ್ಲೇ ಕೂತು ಅವಳನ್ನು ಸಮಾಧಾನ ಮಾಡಿದವನು ನಾನು.

ಶಿರಸಿಯಲ್ಲಿ ಸಿನಿಮಾ ತೋರಿಸಿದ ದಿನ ಅವರು ಊರುಗೋಲು ಹಿಡಿದು ಬಂದು ನನ್ನ ಪಕ್ಕದಲ್ಲೇ ಕೂತರು. ನನ್ನ ಮುಖ ಪರದೆಯ ತುಂಬ ಬಂತು. ಆ ಸುಳ್ಳನ್ನು ಇನ್ನು ಯಾವ ಊರಿನ ಯಾವ ಆಟದಲ್ಲೂ ಬದಲಿಸುವಂತಿರಲಿಲ್ಲ. ಜನ ಚಪ್ಪಾಳೆ ಹೊಡೆದರು. ಅವರು ಪರದೆಯಿಂದ ಕಣ್ಣು ತೆಗೆಯದೆ, ‘ನನ್ನ ಪಾರ್ಟು ಚಲೋ ಮಾಡೀರಿ’ ಎಂದರು.

ಹೊರಗೆ ಮೆಟ್ಟಿಲ ಹತ್ತಿರ ಅವರನ್ನು ನಿಲ್ಲಿಸಿದೆ. ‘ಅವತ್ತು ನಿಮ್ಮನ್ನ ನೋಡಿಯೂ ನಿಲ್ಲಿಸದೆ ಹೋದ ಟೆಂಪೋ ನಂದು.’

‘ಗೊತ್ತೈತ್ರಿ’ ಎಂದರು. ‘ಮ್ಯಾಲೆ ಹಸರು ಬಾಗಿಲಾ ಇತ್ತಲ್ಲ. ನಮ್ಮ ನಾಟಕದ ಗಾಡೀನ ಬಂತು, ಇನ್ನ ಬದುಕಿದೆ ಅಂದ್ಕೊಂಡಿದ್ದೆ.’

‘ಅಕ್ಕಂಗೆ ಯಾಕೆ ಹೇಳ್ಲಿಲ್ಲ?’ ಎಂದೆ.

‘ನಾ ಯಾಕ ಹೇಳ್ಲಿ? ನಿಮಗೇನು ಬಾಯಿ ಇಲ್ಲೇನು?’

ಇಳಿಸಲು ಕೈ ಚಾಚಿದೆ. ಅವರು ಹಿಡಿಯಲಿಲ್ಲ. ಕೋಲೂರಿ ಒಂದೊಂದೇ ಮೆಟ್ಟಿಲು ಇಳಿದು ಹೋದರು.

ಮನೆಗೆ ಹೋಗುವ ದಾರಿಯಲ್ಲಿ ಅಕ್ಕನಿಗೆ ಎಲ್ಲ ಹೇಳಿದೆ. ಗಾಡಿ ನಿಲ್ಲಿಸು ಎಂದಳು. ಇಳಿದು ರಸ್ತೆ ಬದಿಯಲ್ಲಿ ನನಗೆ ಬೆನ್ನು ಹಾಕಿ ನಿಂತಳು. ‘ಕಂಡಿದ್ಯ ಹೇಳಿ ಆನು ಕೇಳಿದ್ದೆ ತಮಾ. ನಿನ್ನ ಮುಖ ನೋಡಿಯೇ ಕೇಳಿದ್ದೆ.’ ಇಷ್ಟೇ ಅಂದಳು. ಕೆಲವು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಆಮೇಲೆ ತಾನೇ ಫೋನ್ ಮಾಡಿದಳು.

‘ಆ ಶಾಟ್ ತೆಗೀತ್ನಿಲ್ಲೆ. ಅದು ಹಾಂಗೇ ಇರ್ಲಿ. ಆದ್ರೆ ತೋರ್ಸಿದ ಊರಿಗೆಲ್ಲ ನೀ ಬರವು. ಮುಗಿದ ಮೇಲೆ ಎದ್ದು ನಿತ್ಕಂಡು ನಿಜ ಹೇಳವು. ಆಗ್ತ?’

ಮೊದಲು ಸಿದ್ದಾಪುರ. ಸಿನಿಮಾ ಮುಗಿದು ದೀಪ ಹಾಕಿದರು. ಮುಂದಿನ ಸಾಲಿನಲ್ಲಿ ಎಕ್ಕಂಬಿಯ ರೈತರು ಕೋಲನ್ನು ಮೊಣಕಾಲಿನ ನಡುವೆ ಇಟ್ಟುಕೊಂಡು ಕೂತಿದ್ದರು. ಅಕ್ಕ ನನ್ನ ಕಡೆ ನೋಡಿದಳು. ಎದ್ದು ನಿಂತು ಶುರು ಮಾಡಿದೆ. ಮೊದಲ ಮಾತುಗಳನ್ನು ನೆಲ ನೋಡುತ್ತ ಹೇಳಿದೆ.

‘ಎಂತ ಹೇಳ್ತಾ ಇದ್ನೋ, ಕೇಳ್ತಾ ಇಲ್ಲೆ! ದೊಡ್ಡಕೆ ಹೇಳೋ’ ಎಂದು ಹಿಂದಿನಿಂದ ಯಾರೋ ಕೂಗಿದರು.

ಕೊನೆಯ ಸಾಲಿನವರಿಗೂ ಮುಟ್ಟುವ ಹಾಗೆ ದನಿ ಎತ್ತಿ, ಮೊದಲಿನಿಂದ ಹೇಳಿದೆ.