ಟ್ಯಾಂಕಿನ ಪಕ್ಕದ ಕರ್ಪೂರ

ಗಾಲಿಯ ಮೇಲೆ ಲಾರಿಯ ಭಾರ ಹೊರುವ ಕಮಾನು ಪಟ್ಟಿ ಹಿಡಿದು ನಿಲ್ಲಿಸುವ ಎರಡು ಬ್ರಾಕೆಟ್ಟುಗಳನ್ನು ಯಾವನೋ ಪುಣ್ಯಾತ್ಮ ಅಪ್ಪನ ಲಾರಿಯ ತಳದ ಚಾಸಿಗೆ ಬೋಲ್ಟು ಹಾಕದೆ ವೆಲ್ಡಿಂಗ್ ಮಾಡಿಬಿಟ್ಟಿದ್ದ. ದಾವಣಗೆರೆಯಲ್ಲಿ ನನ್ನ ಇನ್ನೊಂದು ಲಾರಿ ಅಂಥವೇ ಎರಡು ಮುರಿದು ಹಿಂಭಾಗ ಕುಸಿದು ನಿಂತಿತ್ತು. ಎರಡೂ ಹಳೇ ಮಿಲಿಟರಿ ಲಾರಿಗಳು; ಅವುಗಳ ಸಾಮಾನು ೧೯೬೦ರ ಆಸುಪಾಸಿನಲ್ಲಿ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಹಾಗಾಗಿ ಹರಿಹರದ ಹೊಳೆ ಹತ್ತಿರದ ಬಯಲಲ್ಲಿ ಕೆಟ್ಟು ನಿಂತಿದ್ದ ಅಪ್ಪನ ಲಾರಿಯಿಂದಲೇ ಅವನ್ನು ಗ್ಯಾಸಿನ ಬೆಂಕಿಯಲ್ಲಿ ಕೊಯ್ದು ತೆಗೆಯಬೇಕಿತ್ತು. ಒಂದು ಬ್ರಾಕೆಟ್ಟಿಗೂ ಪೆಟ್ರೋಲ್ ಟ್ಯಾಂಕಿಗೂ ನಡುವೆ ನಾಲ್ಕೇ ಬೆರಳು ಜಾಗ. ಟ್ಯಾಂಕ್ ಬಿಚ್ಚೋಣವೆಂದರೆ ಅದರ ಪಟ್ಟಿಗೂ ವೆಲ್ಡಿಂಗ್.

"ಪೆಟ್ರೋಲ್ ಇಳಿಸಾಯ್ತಲ್ಲ, ಹಚ್ಚು ಬೆಂಕಿ" ಅಂದೆ. ನನಗೆ ಆಗ ಕೋಪ, ಅವಸರ ಎರಡೂ ಮೂಗಿನ ತುದಿಯಲ್ಲೇ.

"ಖಾಲಿ ಟ್ಯಾಂಕೇ ಜೀವ ತೆಗಿಯೋದು ಸಾವ್ಕಾರ್ರೇ" ಅಂದ ಕೊಯ್ಯಲು ಬಂದಿದ್ದ ವೆಲ್ಡಿಂಗ್ ಮೇಸ್ತ್ರಿ. "ಒಳಗೆ ಆವಿ ಇರ್ತೈತೆ. ಬಾಯಿಮಟ ನೀರು ತುಂಬಿದ ಮ್ಯಾಲೇ ಬೆಂಕಿ."

ನನ್ನ ಬೀಡಿ, ಬೆಂಕಿಪೊಟ್ಟಣ ಇಸಿದುಕೊಂಡು ದೂರದ ಬೇವಿನ ಮರದ ಬುಡದಲ್ಲಿಟ್ಟ. ಹೊಳೆಯಿಂದ ಡಬ್ಬಿಗಳಲ್ಲಿ ತಾನೇ ನೀರು ಹೊತ್ತು ತಂದು ಸುರಿದ. ನೀರು ಏರಿದಂತೆ ತಳದಲ್ಲಿ ಉಳಿದಿದ್ದ ಪೆಟ್ರೋಲು ತೇಲಿಬಂದು ಟ್ಯಾಂಕಿನ ಬಾಯಿಂದ ನೆಲಕ್ಕೆ ಸೋರಿತು. ಉಳಿದಷ್ಟೂ ಪೆಟ್ರೋಲು ಹೊರಗೆ ಹೋಗಲಿ ಎಂದು ಇನ್ನೆರಡು ಡಬ್ಬಿ ನೀರಿಗೆ ಅವನು ಹೊಳೆಗೆ ಇಳಿದ.

ಅವ್ವ ಪೂಜೆಯ ಬುಟ್ಟಿ ಹಿಡಿದು ಬಂದಳು. ಅಪ್ಪ ಹೋದ ಮೇಲೂ ಪ್ರತಿ ಅಮಾವಾಸ್ಯೆ ಆ ಲಾರಿಗೆ ಪೂಜೆ ಮಾಡಿದವಳು. ಆರತಿ ಬೆಳಗದೆ ಅದಕ್ಕೆ ಕತ್ತರಿ ಹಾಕಗೊಡುವವಳಲ್ಲ. "ಮೇಸ್ತ್ರಿ ಬರೋಮಟ ತಡೀಲೇನೋ?" ಎಂದು ಕೇಳಿದಳು.

"ಅವನ್ನ ಕಾಯ್ತಾ ಕುಂತ್ರೆ ಹೊತ್ತು ಮುಳುಗ್ತೈತೆ. ನೀ ಹಚ್ಚವ್ವ" ಅಂದವನು ನಾನೇ.

ಪೂಜೆಯ ಬೆಂಕಿಯನ್ನು ಬೆಂಕಿ ಎಂದು ನಮ್ಮ ಮನೆಯಲ್ಲಿ ಯಾರೂ ಎಣಿಸಿದ್ದಿಲ್ಲ. ಅವ್ವ ಬುಟ್ಟಿಯಲ್ಲಿದ್ದ ಬೆಂಕಿಕಡ್ಡಿ ಗೀರಿ ಕರ್ಪೂರ ಹಚ್ಚಿ, ಟ್ಯಾಂಕಿನ ಪಕ್ಕದ ಹಿಂದಿನ ಗಾಲಿಗೆ ಬೆಳಗಿ, ತಟ್ಟೆಯನ್ನು ಕೆಳಗಿಡಲು ಬಗ್ಗಿದಳು. ಡಬ್ಬಿಗಳು ಬಿದ್ದ ಸದ್ದಾಯಿತು. ಮೇಸ್ತ್ರಿ ಓಡಿಬಂದು ಉರಿಯುವ ಕರ್ಪೂರವನ್ನು ಬಲಗೈ ಮುಷ್ಟಿಯಲ್ಲಿ ಬಾಚಿಕೊಂಡು ದೂರ ಓಡಿದ.

ನಾನು ಬೆನ್ನಟ್ಟಿ ಹೋಗಿ ಅವನ ಕೊರಳಪಟ್ಟಿ ಹಿಡಿದೆ. "ನಮ್ಮಪ್ಪನ ಗಾಡಿ ಪೂಜೆ ಕೆಡಸ್ತೀಯೇನಲೇ!"

ಅವನು ತಿರುಗಿ ಬೈಯಲಿಲ್ಲ. "ಅವ್ವಾರು ನಿಂತಿದ್ದ ಕಡೆ ಮಣ್ಣು ಮೂಸಿ ಬರ್ರಿ" ಅಂದ. ಹೋಗಿ ಒಂದು ಹಿಡಿ ಎತ್ತಿ ಮೂಸಿದೆ. ಒದ್ದೆ ಮಣ್ಣು, ಬರೀ ಪೆಟ್ರೋಲು. ಅವ್ವನ ಸೀರೆಯ ಅಂಚು ಅದರ ಮೇಲೇ ಇತ್ತು.

ಅವನು ಬೊಬ್ಬೆ ಎದ್ದ ಕೈಯನ್ನು ಹೊಳೆಯಲ್ಲಿ ಅದ್ದಿ ಬಂದ. ಟ್ಯಾಂಕು ತುಂಬಿಸಿ, ನೆಲಕ್ಕೆಲ್ಲ ಹೊಳೆ ಮರಳು ಹರಡಿಸಿದ. ಎಡಗೈಯಲ್ಲೇ ಗ್ಯಾಸಿನ ಬೆಂಕಿ ಹಿಡಿದು ಕೊಯ್ಯತೊಡಗಿದಾಗ ಬ್ರಾಕೆಟ್ಟು ಬೀಳದಂತೆ ಇಕ್ಕಳದಲ್ಲಿ ಹಿಡಿದವನು ನಾನು. ಕಿಡಿಗಳು ಟ್ಯಾಂಕಿಗೆ ಬಡಿದು ಚೆದುರುವಾಗ ಪ್ರತಿಸಲ ಕಣ್ಣು ಮುಚ್ಚಿದೆ. ಅವನು ಒಮ್ಮೆಯೂ ಮುಚ್ಚಲಿಲ್ಲ. ಎರಡೂ ಬ್ರಾಕೆಟ್ಟುಗಳು ಒಂದು ಬಿರುಕಿಲ್ಲದೆ ಕೈಗೆ ಬಂದವು.

"ತಪ್ಪಾತು ಅನ್ನೋ" ಅಂದಳು ಅವ್ವ. ಸಾವುಕಾರನ ಮಗ ನಾನು, ಇಕ್ಕಳದ ಮಸಿ ಒರೆಸತೊಡಗಿದೆ. ಅವ್ವ ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಸೆರಗು ಹೊದ್ದುಕೊಂಡು, ಮಗನ ವಯಸ್ಸಿನ ಮೇಸ್ತ್ರಿಯ ಕಾಲಿಗೆ ಬಗ್ಗಿದಳು.

"ಅಯ್ಯೋ, ಬ್ಯಾಡ್ರವ್ವಾ!" ಎಂದು ಅವನು ಹಿಂದೆ ಸರಿದ. ಸುಟ್ಟ ಕೈಯಲ್ಲೇ ಅವಳ ತೋಳು ಹಿಡಿದು ಎತ್ತಿದ. ನಾನು ಇಕ್ಕಳ ಹಿಡಿದುಕೊಂಡು ನಿಂತೇ ಇದ್ದೆ.